ಅವನು ಕೇಳಿದ ಕಲ್ಲು

ನಾನು ಚಿಕ್ಕವಳಿದ್ದಾಗ, ಅಂದರೆ ಒಂಬತ್ತು ವರ್ಷದವಳು, ಒಬ್ಬ ದೋಣಿಯವನ ಮೇಲೆ ಸಿಟ್ಟು ಮಾಡಿಕೊಂಡೆ. ಅದಾಗಿ ಅರವತ್ತಮೂರು ವರ್ಷ ಆಯಿತು. ಸಿಟ್ಟು ಇನ್ನೂ ಹೋಗಿಲ್ಲ. ಹೋಗಲಿ ಅಂತ ನಾನು ಬಿಟ್ಟೂ ಇಲ್ಲ. ನಾನು ಓದಿದ್ದು ಎರಡನೇ ಕ್ಲಾಸು, ಅಕ್ಷರ ಸೊಟ್ಟ ಇದ್ದರೆ ಮೊಮ್ಮಕ್ಕಳೇ ಸರಿ ಮಾಡಿ ಓದಿಕೊಳ್ಳಿ.

ಅಪ್ಪ ಆಗ ದೂರದ ಬಡಗು ಸೀಮೆಯಲ್ಲಿ, ದೊಡ್ಡ ಸರೋವರದ ದಡದ ಒಂದು ಹೋಟೆಲಲ್ಲಿ ಇಡ್ಲಿ ಬೇಯಿಸುತ್ತಿದ್ದರು. ಅಮ್ಮ ತೀರಿಹೋದ ಮೇಲೆ ನನ್ನನ್ನೂ ಅಕ್ಕನನ್ನೂ ಅಲ್ಲಿಗೇ ಕರೆಸಿಕೊಂಡರು. ಬೆಳಿಗ್ಗೆ ಬಾಗಿಲು ತೆಗೆದರೆ ಹಸಿ ಪಾಚಿಯ ವಾಸನೆ, ಲಾಂಚಿನ ಡೀಸೆಲ್ ಹೊಗೆ, ಹುರಿದ ಕಡಲೆಯ ಘಮ. ನೀರಿನ ನಡುವೆ ಒಂದು ದ್ವೀಪ. ಅದರಲ್ಲಿ ರಾಜರ ಕಾಲದ ತೋಟ, ಬಿಳಿ ನವಿಲು, ಕಾರಂಜಿ. ಅಕ್ಕ ದಿನಾ ಪಾತ್ರೆ ತೊಳೆಯುತ್ತಾ ಅದನ್ನೇ ನೋಡುತ್ತಿದ್ದಳು. ಮರುವಾರ ಅವಳನ್ನು ಮದುವೆಗೆಂದು ಊರಿಗೆ ಕಳಿಸುವುದಿತ್ತು. ಮತ್ತೆ ಈ ಕಡೆ ಬರುವುದಿಲ್ಲ ಅಂತ ಅವಳಿಗೂ ಗೊತ್ತು, ನಮಗೂ ಗೊತ್ತು.

ಅಪ್ಪನಿಗೆ ಅರ್ಧ ದಿನ ರಜೆ ಸಿಕ್ಕಿತು. ಅಕ್ಕ ಇದ್ದ ಒಂದೇ ಒಳ್ಳೇ ಸೀರೆಗೆ ಬಿಸಿ ಚೊಂಬಿನಿಂದ ಇಸ್ತ್ರಿ ಮಾಡಿ ಉಟ್ಟಳು. ಟಿಫಿನ್ ಕ್ಯಾರಿಯರಿನಲ್ಲಿ ಇಡ್ಲಿ, ಚಟ್ನಿ ಹಿಡಿದು ಹೋದೆವು. ಲಾಂಚಿನಲ್ಲಿ ಅಕ್ಕ ನೀರಿನ ಬದಿಗೆ ಕೂತು, ಕೈ ಇಳಿಬಿಟ್ಟು, ಬೆರಳು ಒದ್ದೆ ಮಾಡಿಕೊಂಡಳು. ಲಾಂಚು ಇನ್ನೂ ಹೊರಟಿರಲಿಲ್ಲ, ಅಷ್ಟರಲ್ಲಿ ದಡಕ್ಕೆ ಕಾರಿನಲ್ಲಿ ಒಂದು ಸಂಸಾರ ಬಂತು. ದೋಣಿಯವ ನಮ್ಮ ಕಡೆ ಬೆರಳು ಆಡಿಸಿದ. "ಏ ಮದ್ರಾಸಿ, ಇಳಿ ಇಳಿ. ಸೀಟ್ ಖಲಾಸ್!"

ಈಗ ನಿಮ್ಮ ಜೊತೆ ಇಲ್ಲಿ ಕುವೈತಲ್ಲಿ ದಿನಾ ಕೇಳುವ ಈ ಖಲಾಸನ್ನು, ಮುಗಿಯಿತು ಅನ್ನುವ ಮಾತನ್ನು, ನಾನು ಕಲಿತದ್ದು ಆವತ್ತು.

ಅಪ್ಪ ಕೈ ಮುಗಿದರು. ಸಾಲದು ಅಂತ ಟಿಫಿನ್ನೂ ಕೊಟ್ಟರು. ಅವನು ನಮ್ಮೆದುರೇ ಒಂದೊಂದು ಇಡ್ಲಿಯನ್ನು ಇಡಿಯಾಗಿ ಬಾಯಿಗೆ ಹಾಕಿ ನುಂಗಿದ. ಅಪ್ಪನ ಹೆಗಲ ಬೈರಾಸನ್ನೇ ಎಳೆದು ಅದಕ್ಕೆ ಕೈ ಒರೆಸಿದ. ಆಮೇಲೂ ನಮ್ಮನ್ನು ಇಳಿಸಿ, ಲಾಂಚಿಗೆ ಹತ್ತುವ ಹಲಗೆ ಎಳೆದುಕೊಂಡ. "ಅಚ್ಛಾ ಹೈ. ಕಲ್ ಔರ್ ಲಾನಾ!" ಅಂದ. ಲಾಂಚಿನವರೆಲ್ಲ ನಕ್ಕರು. ಅಪ್ಪನೂ ನಕ್ಕರು. ಅವರೆಲ್ಲರ ನಗುವನ್ನು ಬೇಕಾದರೆ ಮರೆತೇನು. ಅಪ್ಪನ ಆ ನಗು ಮರೆಯಲಿಕ್ಕಾಗುವುದಿಲ್ಲ.

ನನಗೆ ಹಿಂದಿ ಬರುತ್ತಿರಲಿಲ್ಲ. ಲಾನಾ ಅಂದರೆ ತರುವುದು ಅಂತ ಹೋಟೆಲಲ್ಲಿ ಕೇಳಿ ಗೊತ್ತಿತ್ತು. ಕಲ್ ಅಂದರೆ, ನಮ್ಮ ಮನೆಮಾತು ತುಳುವಿನಲ್ಲೂ ಕನ್ನಡದಲ್ಲೂ ಕಲ್ಲೇ. ಇವನಿಗೆ ಕಲ್ಲು ಯಾಕೆ ಅಂತ ಯೋಚಿಸುತ್ತಲೇ ದಡದಲ್ಲಿ ಬಗ್ಗಿ ನಾಲ್ಕು ನುಣ್ಣನೆ ಕಲ್ಲು ಹೆಕ್ಕಿ ಲಂಗದಲ್ಲಿ ಕಟ್ಟಿಕೊಂಡೆ.

ಅಕ್ಕ ಕಣ್ಣು ಒರೆಸುತ್ತಿದ್ದವಳು ಕೇಳಿದಳು, "ಎಂತದೇ ಅದು?"

"ಅವ ಕಲ್ಲು ತರಲಿಕ್ಕೆ ಹೇಳಿದನಲ್ಲ."

"ಅಯ್ಯೋ ಪೆದ್ದೇ, ಕಲ್ ಅಂದರೆ ನಾಳೆ ಮಾರಾಯ್ತಿ! ನಾಳೆ ಇನ್ನೂ ಇಡ್ಲಿ ತಾ ಅಂದದ್ದು ಅವ." ಅಳುತ್ತಾ ಅಳುತ್ತಾ ನಕ್ಕುಬಿಟ್ಟಳು.

ನಾನು ನಗಲಿಲ್ಲ. ಕಲ್ಲನ್ನು ಬಿಸಾಡಲೂ ಇಲ್ಲ.

ಅಕ್ಕ ಆ ತೋಟ ನೋಡಲೇ ಇಲ್ಲ. ಸಾಯುವವರೆಗೂ ನೋಡಲಿಲ್ಲ. ಈಗ ನೀವು ಕುವೈತಿನ ರಿಗ್ಗೈಯ ಈ ಫ್ಲಾಟಿನಲ್ಲಿ ಏಸಿ ಹಾಕಿ, ಸೋಫಾದಲ್ಲಿ ಬಿದ್ದುಕೊಂಡು, ರಜೆಗೆ ಹೋಗುವ ಯಾವುದೋ ಚಳಿ ದೇಶದ ಸರೋವರಕ್ಕೆ ಫೆರಿ ಸೀಟು ಹಿಡಿದಿರಿ. ಕಿಟಕಿ ಬದಿಯದ್ದೇ ಬೇಕು ಅಂತ ಅಣ್ಣ ತಂಗಿ ಜಗಳ ಬೇರೆ. ಹಿಡಿಯಿರಿ, ಕೂತುಕೊಳ್ಳಿ. ಯಾರೂ ಎಬ್ಬಿಸುವುದಿಲ್ಲ. ಈ ಕಥೆ ಹೇಳಿದ್ದಕ್ಕೆ ದೊಡ್ಡ ಮೊಮ್ಮಗಳು ಅಂದಳು, "ಅಜ್ಜಿ, ಸೋ ರೂಡ್! ಒನ್ ಸ್ಟಾರ್ ಕೊಡ್ಬೇಕಿತ್ತು ಅವನಿಗೆ." ಮೊನ್ನೆ ಪಿಜ್ಜಾ ತಣ್ಣಗಿತ್ತು ಅಂತ ಅವಳು ಕೊಟ್ಟದ್ದೂ ಅದನ್ನೇ. ನಿಮ್ಮ ಸಿಟ್ಟು ಬೆರಳ ತುದಿಯಲ್ಲಿ ಮುಗಿಯುತ್ತದೆ, ಒಳ್ಳೆಯದು. ನಮ್ಮ ಹತ್ತಿರ ಸ್ಟಾರ್ ಇರಲಿಲ್ಲ ಮಗಾ, ಇಡ್ಲಿ ತಟ್ಟೆ ಇತ್ತು.

ಮರುದಿನ ಬೆಳಿಗ್ಗೆ ಅಪ್ಪ ಚಟ್ನಿ ರುಬ್ಬಲು ಕೂತಾಗ ನಾನು ನಾಲ್ಕು ಕುಳಿಗೆ ಅರ್ಧರ್ಧ ಹಿಟ್ಟು ಹೊಯ್ದೆ. ಒಂದೊಂದರಲ್ಲೂ ಒಂದು ಕಲ್ಲಿಟ್ಟು ಮೇಲೆ ಮತ್ತೆ ಹಿಟ್ಟು ಹೊಯ್ದೆ. ಚೆನ್ನಾಗಿ ಬೆಂದವು, ಹೂವಿನ ಹಾಗೆ ಉಬ್ಬಿದವು. ಟಿಫಿನ್ ಹಿಡಿದು ಒಬ್ಬಳೇ ಹೋಗಿ ಅವನ ಮುಂದಿಟ್ಟೆ. "ಕಲ್ ಲಾಯೀ," ಅಂದೆ. "ಅಚ್ಛೀ ಲಡ್ಕೀ," ಅಂತ ಅವನು ನನ್ನ ತಲೆ ಸವರಿ, ನಿನ್ನೆಯ ಹಾಗೇ ಇಡೀ ಇಡ್ಲಿಯನ್ನು ಬಾಯಿಗೆ ತುಂಬಿ ಕಚ್ಚಿದ. ಕಟ್ ಅಂತ ಸದ್ದು ನನಗೂ ಕೇಳಿತು, ಲಾಂಚಿನಲ್ಲಿ ಕೂತವರಿಗೂ ಕೇಳಿತು. ಅವನು ಕೆನ್ನೆ ಹಿಡಿದು ಬಗ್ಗಿದ. ನಾನು ಉಳಿದ ಮೂರನ್ನು ಅವನ ಹಲಗೆಯ ಮೇಲೆ ಸುರಿದು, ಟಿಫಿನ್ ಅಪ್ಪನದು ಅಂತ ಎತ್ತಿಕೊಂಡು ಮನೆಗೆ ಬಂದೆ. ಓಡಲಿಲ್ಲ, ನಡೆದೇ ಬಂದೆ.