ಅಪ್ಪನ ಸೋಪಿಗೆ ನನ್ನ ಹೆಸರು ಬಂದದ್ದು

ಊರ ಹೆಂಗಸರೆಲ್ಲ ಕೆರೆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಕಾಲ ಅದು. ವಾಷಿಂಗ್ ಮಷೀನನ್ನು ನಾವು ಟೀವಿಯಲ್ಲಷ್ಟೇ ನೋಡಿದ್ದೆವು. ಆ ಬೇಸಿಗೆಯಲ್ಲಿ ಅಪ್ಪ ಹಿಪ್ಪುನೇರಳೆ ತೋಟ ಕೀಳಿಸಿ, ಹೊಂಗನೂರಿನ ನಮ್ಮ ರೇಷ್ಮೆ ಹುಳುಮನೆಯಲ್ಲಿ ಬಟ್ಟೆ ಸೋಪು ಮಾಡಲು ಶುರುಮಾಡಿದ. ಮನೆ ತುಂಬ ಹೊಂಗೆ ಎಣ್ಣೆಯ ಘಾಟು. ಅವ್ವ ಮಾಡಿದ ಬಸ್ಸಾರಿಗೂ ಅದೇ ಘಾಟು.

ಮನೆದೇವರ ಹೆಸರಿಡದೆ ಅಪ್ಪ ಯಾವುದಕ್ಕೂ ಕೈಹಾಕಿದವನಲ್ಲ. ಸೋಪಿನ ಮೈಮೇಲೇ 'ಕಬ್ಬಾಳಮ್ಮ' ಎಂದು ಅಚ್ಚು ಒತ್ತಿಸಿದ. ಮೊದಲ ವಾರ ಮಾಡಿದ್ದೆಲ್ಲ ಖರ್ಚಾಯಿತು. ಆಮೇಲೆ ಒಂದು ನರಪಿಳ್ಳೆಯೂ ಎರಡನೇ ಸೋಪಿಗೆ ಬರಲಿಲ್ಲ. ತೋಟ ಕಿತ್ತಾಗಿತ್ತು, ಸೋಪೂ ಕೈಕೊಟ್ಟರೆ ನಮಗೆ ಬೇರೆ ದಾರಿಯಿರಲಿಲ್ಲ. ಅಪ್ಪ ಊಟ ಬಿಟ್ಟ.

ಕೊನೆಗೆ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಮನೆಮನೆಗೆ ವಿಚಾರಿಸಲು ಹೊರಟ. ಹಿಂದಿನ ಬೀದಿಯ ಗೌರಜ್ಜಿ ನಮ್ಮನ್ನು ಒಳಗೆ ಕರೆದು ತೋರಿಸಿದಳು. ದೇವರ ಗೂಡಿನಲ್ಲಿ ನಮ್ಮ ಸೋಪು! ಅರಿಶಿನ, ಕುಂಕುಮ, ಮೇಲೊಂದು ಕಣಗಿಲೆ ಹೂ.

"ಇದ್ರಲ್ಲಿ ಬಟ್ಟೆ ಒಗೀಬೇಕು ಕಣಜ್ಜಿ!" ಎಂದ ಅಪ್ಪ.

"ನಿನ್ ಬಾಯಿಗೆ ಮಣ್ಣಾಕ! ನಮ್ಮಮ್ಮನ್ನ ತಕ್ಕೊಂಡೋಗಿ ನಿಮ್ ತಾತನ ಚಡ್ಡಿಗೆ ಉಜ್ಜಕ್ಕಾಯ್ತದೇನ್ಲಾ?"

ಊರಿಗೆ ಊರೇ ಹೀಗೆ. ನಮ್ಮ ಸೋಪು ನೀರು ಕಾಣದೆ ಪೂಜೆ ಕಾಣುತ್ತಿತ್ತು.

ಹೆಸರು ಬದಲಿಸೋಣವೆಂದರೆ ಅವ್ವನಿಗೆ ಜೀವಭಯ. ಕಬ್ಬಾಳಿಗೆ ಹೋಗಿ ಅಮ್ಮನ ಹತ್ತಿರ ಹೂ ಕೇಳಿದೆವು. ಬಲಗಡೆ ಬಿದ್ದರೆ ಒಪ್ಪಿಗೆ. ಕೇಳಿ ಬಾಯಿ ಮುಚ್ಚುವುದರೊಳಗೆ ಬಲಗಡೆಯ ಹೂ ಬಿತ್ತು. ಆಕೆಗೂ ಸೋಪಿನ ಸಹವಾಸ ಸಾಕಾಗಿತ್ತೇನೋ.

ವಾಪಸು ಬರುವ ಬಸ್ಸಿನಲ್ಲಿ ಹೊಸ ಹೆಸರಿನ ಚರ್ಚೆ. ಊರಿನ ಹೆಸರಿಟ್ಟರೆ ಪಕ್ಕದೂರಿನವರು ಮುಟ್ಟುವುದಿಲ್ಲ. ತಾತನ ಹೆಸರಿಟ್ಟರೆ ದೊಡ್ಡಪ್ಪ ಪಾಲು ಕೇಳುತ್ತಾನೆ. ಅಪ್ಪನ ಕಣ್ಣು ನನ್ನ ಮೇಲೆ ಬಿತ್ತು.

"ಮಂಜುಳಾ ಅಂತ ಇಟ್ಬುಡಾನ. ಇವಳ್ನ ಯಾರೂ ಪೂಜೆ ಮಾಡಕ್ಕಿಲ್ಲ."

ನಾನು ಚನ್ನಪಟ್ಟಣ ಬರುವವರೆಗೂ ಅತ್ತೆ. ಆದರೆ ಸೋಪು ಓಡಿತು. "ಆ ಮಂಜುಳನ್ನ ಒಸಿ ಇತ್ತಾಗ್ ಕೊಡಕ್ಕ, ಉಜ್ಜಾಕ್ತೀನಿ" ಎಂದು ಕೆರೆಯಲ್ಲಿ ಹೆಂಗಸರು ಕೂಗುವುದನ್ನು ಕೇಳಲಾರದೆ ನಾನು ಸ್ಕೂಲಿಗೆ ಸುತ್ತುದಾರಿ ಹಿಡಿದೆ. ಅಪ್ಪ ಮಾತ್ರ ಮತ್ತೆ ಹೊಟ್ಟೆ ತುಂಬ ಮುದ್ದೆ ಉಂಡ.

ಈಗ ಅಪ್ಪ ಇಲ್ಲ, ಹುಳುಮನೆಗೆ ಬೀಗ. ಮೊನ್ನೆ ಯಾಕೋ ಅವನ ಕೈಯ ಆ ಘಾಟು ಬೇಕೆನ್ನಿಸಿ, ಅಟ್ಟ, ಬಚ್ಚಲು, ಹಿತ್ತಿಲು ಎಲ್ಲ ಕಡೆ ಒಂದು ಮಂಜುಳಾ ಸೋಪಿಗಾಗಿ ತಡಕಾಡಿದೆ. ಒಂದು ಚೂರೂ ಸಿಗಲಿಲ್ಲ. ಅಪ್ಪ ಬಯಸಿದಂತೆ ಎಲ್ಲವೂ ಮಾರಿಹೋಗಿತ್ತು.