ಇರದಿದ್ದ ಕ್ಯಾನ್ಸರ್

ಮಂಜುನಾಥನ ಕಾಲಿನಲ್ಲಿ ಕ್ಯಾನ್ಸರ್ ಇರಲಿಲ್ಲ. ಇದೆ ಎಂದು ಹೇಳಿದವಳು ನಾನು. ಇರಲಿಲ್ಲವೆಂದು ಗೊತ್ತಾದ ಮೇಲೂ ಇಷ್ಟು ವರ್ಷ ಬಾಯಿಬಿಡದೆ ಇದ್ದವಳೂ ನಾನೇ.

ಆಗ ನಾನು ಮೈಸೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಪೆಥಾಲಜಿಸ್ಟ್. ಮಂಜುನಾಥ ಪೊಲೀಸ್ ಕೆಲಸಕ್ಕೆ ತಯಾರಾಗುತ್ತಿದ್ದ ಯುವಕ. ಮೇಟಗಳ್ಳಿಯಲ್ಲಿ ರೂಮು ಮಾಡಿಕೊಂಡು ದಿನಾ ಬೆಳಗ್ಗೆ ಓಡುತ್ತಿದ್ದನಂತೆ. ಮೊಣಕಾಲಿನ ಕೆಳಗೆ ನೋವು, ಊತ. ಸರ್ಜನ್ ಸೂಜಿ ಹಾಕಿ ಮೂಳೆಯ ಚೂರು ತೆಗೆದು ನನಗೆ ಕಳಿಸಿದರು. ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಅವಸರವಸರವಾಗಿ ಬೆಳೆಯುತ್ತಿದ್ದ ಹೊಸ ಮೂಳೆ. ಕ್ಯಾನ್ಸರ್ ಹಾಗೆ ಕಾಣುತ್ತದೆ. ಬಿರುಕು ಬಿಟ್ಟ ಮೂಳೆ ಕೂಡಿಕೊಳ್ಳುವಾಗಲೂ ಹಾಗೇ ಕಾಣಬಹುದು. ಸೂಜಿಯಲ್ಲಿ ಬರುವುದು ಅಕ್ಕಿಕಾಳಿನಷ್ಟು — ಅಷ್ಟನ್ನೇ ನಂಬಬಾರದು, ಎಕ್ಸ್‌ರೇ ತರಿಸಿ ನೋಡಬೇಕು, ರೋಗಿ ಏನು ಮಾಡುತ್ತಿದ್ದನೆಂದು ಕೇಳಬೇಕು. ವಿದ್ಯಾರ್ಥಿಗಳಿಗೆ ನಾನೇ ಹೇಳಿಕೊಡುತ್ತಿದ್ದ ಪಾಠ. ಆದರೆ ಆ ದಿನ — ಇಲ್ಲ, ಆ ದಿನ ವಿಶೇಷವಾಗಿ ಏನೂ ನಡೆದಿರಲಿಲ್ಲ. ನನಗೆ ಅನುಮಾನವೇ ಬರಲಿಲ್ಲ, ಅಷ್ಟೆ. ಎಕ್ಸ್‌ರೇ ತರಿಸದೆಯೇ ಕ್ಯಾನ್ಸರ್ ಎಂದು ವರದಿ ಬರೆದುಕೊಟ್ಟೆ.

ಕಾಲು ತೆಗೆದರು. ತೆಗೆದ ಕಾಲು ಪರೀಕ್ಷೆಗೆ ನನ್ನ ಬಳಿಗೇ ಬಂತು. ಮೂಳೆ ಸೀಳಿ ನೋಡಿದೆ: ಓಡಿ ಓಡಿ ಬಿಟ್ಟ ಸಣ್ಣ ಬಿರುಕು, ಅದರ ಸುತ್ತ ಮಾಯುತ್ತಿದ್ದ ಮೂಳೆ. ಬೇರೇನೂ ಇಲ್ಲ.

ಸರ್ಜನ್ನರಿಗೆ ಹೇಳಿದೆ. ಅವರು, "ಈಗ ಹೇಳಿ ಏನ್ ಮಾಡೋದು ಮೇಡಂ? ಕಾಲು ಹೋದ್ರೂ ಜೀವ ಉಳೀತು ಅಂತ ಸಮಾಧಾನವಾಗಿದಾನೆ. ಅದನ್ನೂ ಕಿತ್ಕೊಳ್ಳೋದು ಬೇಡ," ಎಂದರು.

ನನಗೆ ಬೇಕಾಗಿದ್ದ ಮಾತು ಅದೇ. ಅವನ ಸಮಾಧಾನಕ್ಕಲ್ಲ — ನನಗೆ ಭಯವಿತ್ತು. ಕಾಯಿಲೆ ಪೂರ್ತಿ ಹೋಗಿದೆ, ಇನ್ನು ಔಷಧಿ ಬೇಡ ಎಂದು ಇಬ್ಬರೂ ಅವನಿಗೆ ಹೇಳಿದೆವು.

ಅವನೀಗ ದಟ್ಟಗಳ್ಳಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಹಬ್ಬ ಬಂದರೆ ನಮ್ಮ ಮನೆಗೆ ಬಂದು, ಕೃತಕ ಕಾಲಿನಲ್ಲಿ ಕಷ್ಟಪಟ್ಟು ಬಗ್ಗಿ ನನಗೆ ನಮಸ್ಕಾರ ಮಾಡುತ್ತಿದ್ದ. ಅವನು ಹೋದ ಮೇಲೂ ಆ ಹೆಜ್ಜೆಯ ಸದ್ದು ಮನೆಯೊಳಗೇ ಓಡಾಡುತ್ತಿತ್ತು. ಹೋದ ತಿಂಗಳು ಮಗಳನ್ನು ಕರೆತಂದ. "ನಿಮ್ಮ ಹೆಸರೇ ಇಟ್ಬುಟ್ಟೆ ಮೇಡಂ. ನೀವು ಕಂಡುಹಿಡೀದೆ ಹೋಗಿದ್ರೆ ಇವಳೆಲ್ಲಿ ಇರ್ತಿದ್ಲು?"

ನಿನ್ನೆ ಅವನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ.

ಅವನು ಬಯ್ಯಲಿಲ್ಲ. ಬಂದ ಗಿರಾಕಿಯನ್ನು ಆಮೇಲೆ ಬನ್ನಿ ಎಂದು ಕಳಿಸಿದ. ನನ್ನ ಕಡೆ ತಿರುಗಿ ಕೇಳಿದ: "ಅಂಗಾದ್ರೆ... ಓಡೋದು ನಿಲ್ಸಿದ್ರೆ ವಾಸಿ ಆಗೋಗ್ತಿತ್ತಾ?"

"ಆಗ್ತಿತ್ತು," ಎಂದೆ.

ಅವನು ಎದ್ದು ಶಟರ್ ಎಳೆಯತೊಡಗಿದ. ನಾನು ಹೊರಗೆ ಬಂದೆ. ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದ್ದರೆ ಅವನಿಂದ ಇನ್ನೂ ಒಂದನ್ನು ಪಡೆದಂತೆ ಆಗುತ್ತಿತ್ತು. ಕೋರ್ಟಾಗಲಿ, ಅವನ ಮನೆಯವರಾಗಲಿ, ಅವನು ಯಾರ ಮುಂದೆ ಕರೆದರೂ ಹೋಗಿ ಇದನ್ನೇ ಹೇಳುತ್ತೇನೆ.