ಒಲೆಯ ಗಾಜು ಮತ್ತು ಐಲಿ ರೌಟಿಯೋ

ಐಲಿ ರೌಟಿಯೋ ನನ್ನ ಅಂಗಡಿಗೆ ಮೊದಲು ಕಾಲಿಟ್ಟಾಗ ನಾನು ಕಟ್ಟಿದ ಬೆಲೆ ಇಷ್ಟು: ಐವತ್ತು ದಾಟಿದ ಹೆಂಗಸು, ಬಸ್ಸಿನಲ್ಲಿ ಬಂದವರು, ಕೊಳ್ಳುವ ಇರಾದೆ ಇಲ್ಲ, ಎಲ್ಲವನ್ನೂ ಮುಟ್ಟಿ ನೋಡುವ ಚಾಳಿ ಮಾತ್ರ ಇದೆ. ಅಮೆರಿಕದ ಡುಲೂತ್‌ನಲ್ಲಿ ಮೂವತ್ತು ವರ್ಷದಿಂದ ಒಲೆ, ಫ್ರಿಜ್ ಮಾರುತ್ತಿರುವ ನನ್ನ ಅಂದಾಜು ಅಷ್ಟು ಕೆಟ್ಟದಾಗಿ ಎಂದೂ ತಪ್ಪಿರಲಿಲ್ಲ. ಅವರ ದೃಷ್ಟಿಯ ನಡುಭಾಗ ಹೋಗಿ ಅಂಚು ಮಾತ್ರ ಉಳಿದಿತ್ತು. ಮಾತಾಡುವಾಗ ನನ್ನ ಕಿವಿಯಾಚೆಯ ಗೋಡೆ ನೋಡುತ್ತಿದ್ದರು. ಮಂದದೃಷ್ಟಿಯವರು ಮುಟ್ಟಿ ನಡೆಸುವ ಫಲಕಗಳನ್ನು ಒಲೆ ಕಾರ್ಖಾನೆಗೆ ರೂಪಿಸಿಕೊಡುವುದೇ ಅವರ ಕಸುಬು.

ಬಂದದ್ದು ಲೆಂಪಿ ಹಾರ್ಯು ಎಂಬ ಎಂಬತ್ತೆರಡರ ಅಜ್ಜಿಯ ಸಲುವಾಗಿ. ಅವರಿಗೂ ಕಣ್ಣು ಮಂದ. ನಾನು ಮಾರಿದ, ಮುಟ್ಟುಗುಂಡಿಗಳ ಗಾಜಿನ ವಿದ್ಯುತ್ ಒಲೆ ಅವರ ಮನೆಯಲ್ಲಿ ಎರಡು ಸಲ ತಾನಾಗಿ ಹೊತ್ತಿಕೊಂಡಿತ್ತು. ಇನ್ನೊಮ್ಮೆ ಹೊತ್ತಿದರೆ ಒಲೆಯನ್ನೇ ಕಿತ್ತೊಯ್ಯುವುದಾಗಿ ಅವರಿದ್ದ ಬಾಡಿಗೆ ಕಟ್ಟಡದ ಮ್ಯಾನೇಜರ್ ಹೇಳಿದ್ದ. ಶನಿವಾರ ಮೊಯಾಕ್ಕ ಎಂಬ ಮೀನಿನ ಸಾರು ಕುದಿಸದೆ ಬದುಕುವುದು ಲೆಂಪಿಗೆ ಗೊತ್ತಿರಲಿಲ್ಲ.

"ಗುಂಡಿಗಳ ಮೇಲೆ ಉಬ್ಬು ಚುಕ್ಕೆ ಅಂಟಿಸಿ ಕೊಟ್ಟಿದೀನಿ," ಎಂದೆ. "ಕಣ್ಣಿಗೆ ಬಟ್ಟೆ ಕಟ್ಕೊಂಡು ನಾನೇ ಪರೀಕ್ಷೆ ಮಾಡಿದೀನಿ. ಒಂದೂ ತಪ್ಪಿಲ್ಲ."

"ಬಟ್ಟೆ ಕಟ್ಕೊಂಡ್ರೆ ನಿಮಗೆ ಏನೂ ಕಾಣಲ್ಲ ವಾಲ್ಟ್. ಅವರಿಗೆ ಚೂರು ಕಾಣತ್ತೆ ಕಣ್ರೀ. ಆ ಚೂರನ್ನ ಅವರು ಸುಮ್ನೆ ಬಿಡ್ತಾರಾ? ನಡೀರಿ, ಅವರ ಅಡುಗೆಮನೆಗೆ ಹೋಗೋಣ."

ಹೋದೆವು. ನಾವು ಇಲ್ಲವೆಂದೇ ತಿಳಿದು ಅಡುಗೆ ಮಾಡಿ ಎಂದರು ಐಲಿ. ಲೆಂಪಿ ಆಲೂಗಡ್ಡೆ ಹೆಚ್ಚಿದರು, ಒಲೆಯ ಮುಂಬದಿಯ ಉರಿ ಹಚ್ಚಿದರು, ಅದರ ಅಂಕಿ ಎಷ್ಟಿದೆ ಎಂದು ನೋಡಲು ಬಗ್ಗಿದರು. ಇನ್ನೂ ಬಗ್ಗಿದರು. ಮೂಗಿನ ತುದಿ ಗಾಜಿಗೆ ತಾಗಿತು. 'ಪೀಂ' ಎಂದು ಹಿಂಬದಿಯ ಉರಿಯೂ ಕೆಂಪಾಯಿತು.

"ಮೂಗು!" ಎಂದು ಕೂಗಿದೆ.

"ನನ್ನ ಮೂಗಿನ ಸುದ್ದಿಗೆ ಬರಬೇಡ ಕಣೋ," ಎಂದರು ಲೆಂಪಿ. "ಐವತ್ತು ವರ್ಷ ನನ್ನ ಗಂಡ ಆಡ್ಕೊಂಡಿದ್ದು ಸಾಲ್ದಾ?"

"ನಿಮ್ಮ ಮೂಗು ಸರಿಯಾಗೇ ಇದೆ ಅಜ್ಜಿ," ಐಲಿ ನಗುತ್ತಾ ಹೇಳಿದರು. "ಬುದ್ಧಿ ಇಲ್ದೇ ಇರೋದು ಗಾಜಿಗೆ. ಕಲಿಸ್ತೀನಿ ಬಿಡಿ."

ಎರಡು ವಾರದಲ್ಲಿ ಐಲಿ ಹೊಸ ಫಲಕ ತಂದು ಕೂರಿಸಿದರು. ನನ್ನ ಚುಕ್ಕೆಗಳಲ್ಲಿ ಒಂದೂ ಉಳಿದಿರಲಿಲ್ಲ. ಪ್ರತಿ ಉರಿಗೂ ಒಲೆಯ ಅಂಚಿನಿಂದ ಬೆರಳನ್ನು ಕರೆದೊಯ್ಯುವ ಒಂದು ಉಬ್ಬು ಏಣು, ಅದರ ತುದಿಯಲ್ಲಿ ಅಕ್ಕಪಕ್ಕ ಎರಡು ಕುಳಿ. ಎರಡಕ್ಕೂ ಒಟ್ಟಿಗೆ ಬೆರಳೂರಿದರೆ ಮಾತ್ರ ಉರಿ. ಒಂದೇ ಬೆರಳು ಎಷ್ಟು ತಡಕಾಡಿದರೂ ಏನೂ ಹೊತ್ತದು.

"ಎರಡ್ಯಾಕೆ?" ಎಂದೆ.

"ಎರಡು ಮೂಗಿರೋ ಗಿರಾಕಿ ನಿಮಗಿದ್ರೆ ಹೇಳಿ, ಮೂರು ಮಾಡ್ತೀನಿ."

ಮ್ಯಾನೇಜರ್ ಪರೀಕ್ಷಿಸಲು ಬಂದ. ಲೆಂಪಿ ಬೇಕೆಂದೇ ಮೂರು ಸಲ ಗಾಜಿಗೆ ಮೂಗು ತಿಕ್ಕಿದರು, ಒಲೆ ತಣ್ಣಗಿತ್ತು. ಎರಡು ಬೆರಳೂರಿದರು, ಹೊತ್ತಿತು. ಅವನು ಒಲೆ ಇಟ್ಟುಕೊಳ್ಳಬಹುದೆಂಬ ಕಾಗದಕ್ಕೆ ಸಹಿ ಹಾಕಿ, ಒಂದು ಬಟ್ಟಲು ಮೊಯಾಕ್ಕ ಕುಡಿದೇ ಹೋದ.

ಈಗ ಒಲೆ ಮಾರುವ ಮುನ್ನ ಗಿರಾಕಿ ಅದರ ಮುಂದೆ ಹೇಗೆ ನಿಲ್ಲುತ್ತಾರೆ, ಎಷ್ಟು ಬಗ್ಗುತ್ತಾರೆ ಎಂದು ನೋಡುತ್ತೇನೆ. ಹಾಗೆ ನೋಡುವುದನ್ನು ನನಗೆ ಕಲಿಸಿದವರು ಐಲಿ.